ಗಿಟಾರಿಗೆ ಪಟ್ಟಾ ಎಲ್ಲಿ ಕಟ್ಟೂದು?

ಬನಹಟ್ಟಿಯಲ್ಲಿ ನಮ್ಮ ಅಕ್ಕನ ಮನೆಯಲ್ಲಿ ಎರಡು ಪವರ್‌ಲೂಮ್ ಮಗ್ಗ ಇವೆ. ಮಗ್ಗ ನಡೆದಾಗ ಮನೆಯೊಳಗೆ ಮಾತಾಡಬೇಕೆಂದರೆ ಕಿವಿಗೆ ಬಾಯಿ ಹಚ್ಚಿಯೇ ಮಾತಾಡಬೇಕು. ಅಂಥ ಮನೆಯಲ್ಲಿ ಬೆಳೆದ ಅಳಿಯನಿಗೆ ಗಿಟಾರಿನ ಹುಚ್ಚು ಹತ್ತಿದೆ. ಅವನ ಅಭ್ಯಾಸವೆಲ್ಲ ಕರೆಂಟ್ ಹೋದಾಗ. ಕರೆಂಟ್ ಹೋದರೆ ಅಕ್ಕ ಲೈನ್‌ಮನ್‌ನನ್ನು ಬೈಯುತ್ತಾಳೆ, ಅವನು ಕೋಣೆಯಿಂದ ಗಿಟಾರ್ ತರುತ್ತಾನೆ.

ಹೋದ ವರ್ಷ ಓಣಿಯ ಗಣಪತಿ ಮುಂದೆ ನಿಂತು ನುಡಿಸುವಾಗ ಪಟ್ಟಾ ಗುಂಡಿಯಿಂದ ಜಾರಿತು. ಗಿಟಾರ್ ತಲೆಕೆಳಗಾಗಿ ಕಟ್ಟಿಗೆಯ ವೇದಿಕೆಗೆ ಬಿತ್ತು, ಕತ್ತು ತಲೆಗೆ ಕೂಡುವ ಜಾಗದಲ್ಲಿ ಸರಿಯಾಗಿ ಮುರಿಯಿತು. ಫೆವಿಕಾಲ್ ಹಚ್ಚಿ ದಾರ ಸುತ್ತಿ ಇಟ್ಟರೂ ತಂತಿ ಬಿಗಿದ ಮರುದಿನ ಮತ್ತೆ ಬಾಯಿ ಬಿಟ್ಟಿತು. ಈ ವರ್ಷ ಅಕ್ಕ ತನ್ನ ಮಹಿಳಾ ಸಂಘದಲ್ಲಿ ಸಾಲ ತೆಗೆದು ಹೊಸದು ಕೊಡಿಸಿದ್ದಾಳೆ. ಅದಕ್ಕೂ ಕೆಳಗೆ ಬುಡದಲ್ಲಿ ಒಂದೇ ಗುಂಡಿ. ಪಟ್ಟಾಕ್ಕೆ ಮಾತ್ರ ಎರಡು ತುದಿ!

ನಾನು ಹೋದ ದಿನ ಮಗ್ಗ ರಿಪೇರಿಗೆ ಬಂದಿದ್ದ ಜಾಬರ್ ಡ್ರಿಲ್ ಕೈಯಲ್ಲಿ ಹಿಡಿದು ನಿಂತಿದ್ದ. "ಇಲ್ಲೊಂದು ತೂತು ಹಾಕಿ ಸ್ಕ್ರೂ ಬಿಗದ್ರ ಮುಗೀತಲ್ರೀ" ಅಂತ ಅವನು. "ಬ್ಯಾಡೋ ಯಪ್ಪಾ, ಕಂತ ತೀರಿಲ್ಲ" ಅಂತ ಅಕ್ಕ. ಅಳಿಯ ನನ್ನ ಕಡೆ ತಿರುಗಿದ: "ಮಾಮಾ, ನೀ ಓದೀದಿ, ಪೇಪರದಾಗ ಬರೀತಿ. ನೀನ ಹೇಳು, ಇನ್ನೊಂದ ತುದಿ ಎಲ್ಲಿ ಕಟ್ಟೂದು?"

ಪತ್ರಿಕೋದ್ಯಮ ಓದಿದವನಿಗೆ ಇಂಥ ಪ್ರಶ್ನೆ ಬರುತ್ತದೆಂದು ಯಾವ ಮೇಷ್ಟ್ರೂ ಹೇಳಿರಲಿಲ್ಲ. ಉತ್ತರ ಗೊತ್ತಿಲ್ಲದಾಗ ನಾವು ಮಾಡುವ ಕೆಲಸ ಒಂದೇ, ಇನ್ನೊಬ್ಬರನ್ನು ಕೇಳುವುದು. ಕೇಳುತ್ತಾ ಓದುತ್ತಾ ಹೋದಂತೆ ಈ ಒಂದು ಗುಂಡಿಯ ಹಿಂದೆ ಒಂದು ಚರಿತ್ರೆಯೇ ಇದೆ ಅನಿಸಿತು. ಆ ಚರಿತ್ರೆಯ ಅರ್ಧ ಭಾಗ ಅಮೆರಿಕದಲ್ಲಿದೆ, ಇನ್ನರ್ಧ ನಮ್ಮ ಜಮಖಂಡಿ-ಮುಧೋಳದ ರಸ್ತೆಯ ಮೇಲೇ ಇದೆ.

ಮೊದಲು ಒಂದೇ ಗುಂಡಿ ಏಕೆ ಎನ್ನುವುದನ್ನು ನೋಡೋಣ. ಗಿಟಾರ್ ಹುಟ್ಟಿನಿಂದ ಕೂತು ನುಡಿಸುವ ವಾದ್ಯ. ಸ್ಪೇನ್ ಕಡೆಯಿಂದ ಬಂದದ್ದು, ತೊಡೆಯ ಮೇಲೆ ಇಟ್ಟುಕೊಂಡು ಕೋಣೆಯೊಳಗೆ ನಾಲ್ಕು ಜನಕ್ಕೆ ಕೇಳುವಷ್ಟು ನುಡಿಸುವಂಥದ್ದು. ಕ್ಲಾಸಿಕಲ್ ಗಿಟಾರ್ ನುಡಿಸುವವರು ಇಂದಿಗೂ ಎಡಗಾಲಿನ ಕೆಳಗೆ ಸಣ್ಣ ಮಣೆ ಇಟ್ಟುಕೊಂಡು ಕೂರುತ್ತಾರೆ, ಅವರ ಗಿಟಾರಿಗೆ ಸಾಮಾನ್ಯವಾಗಿ ಒಂದು ಗುಂಡಿಯೂ ಇರುವುದಿಲ್ಲ. ಜರ್ಮನಿಯಿಂದ ವಲಸೆ ಹೋದ ಕ್ರಿಶ್ಚಿಯನ್ ಫ್ರೆಡರಿಕ್ ಮಾರ್ಟಿನ್ 1833ರಲ್ಲಿ ನ್ಯೂಯಾರ್ಕಿನಲ್ಲಿ ಅಂಗಡಿ ತೆರೆದಾಗ ಮಾಡುತ್ತಿದ್ದದ್ದು ಅಂಥ ಸಣ್ಣ, ಕರುಳಿನ ತಂತಿಯ ಗಿಟಾರುಗಳನ್ನೇ. ಮುಂದೆ ಸ್ಟೀಲ್ ತಂತಿ ಬಂತು, ಡಬ್ಬಿ ದೊಡ್ಡದಾಯಿತು, 1930ರ ದಶಕದಲ್ಲಿ ರೇಡಿಯೊ ಮತ್ತು ಸಿನೆಮಾದ ದನಗಾಹಿ ಹಾಡುಗಾರರು ಅದನ್ನು ಎದೆಗೆ ತೂಗುಹಾಕಿಕೊಂಡು ಮೈಕಿನ ಮುಂದೆ ನಿಂತರು. ಅವರಲ್ಲಿ ಹೆಸರಾದವನು ಜೀನ್ ಆಟ್ರಿ, ಅವನಿಗಾಗಿ ಮಾರ್ಟಿನ್ ಕಂಪನಿ 1933ರಲ್ಲಿ ದೊಡ್ಡ ಗಾತ್ರದ ಗಿಟಾರನ್ನೇ ವಿಶೇಷವಾಗಿ ಮಾಡಿಕೊಟ್ಟಿತ್ತು. ನಿಂತು ಹಾಡುವವರು ಹೆಚ್ಚಾದರೂ ಗಿಟಾರಿನ ರಚನೆ ಬದಲಾಗಲಿಲ್ಲ. ಬುಡದಲ್ಲಿ ಒಂದು ಗುಂಡಿ, ಇನ್ನೊಂದು ತುದಿಯನ್ನು ಲಾಡಿಯಿಂದ ತಲೆಗೆ ಕಟ್ಟುವುದು, ಇದೇ ರೂಢಿಯಾಯಿತು. ನಮ್ಮ ಅಳಿಯನ ಗಿಟಾರಿನ ಒಂಟಿ ಗುಂಡಿ ಆ ಕಾಲದ ಉಳಿಕೆ.

ನಿಲ್ಲುವುದಕ್ಕೆಂದೇ ಗಿಟಾರ್ ಮಾಡಿದವನು ಲಿಯೋ ಫೆಂಡರ್ ಎಂಬ ರೇಡಿಯೊ ರಿಪೇರಿಯವನು. ಅವನಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ ಎನ್ನುವುದನ್ನು ಜಾಬರ್‌ಗೆ ಹೇಳಿದಾಗ ಅವನ ಮುಖ ಅರಳಿತು. ಮಗ್ಗ ರಿಪೇರಿ ಮಾಡುವ ಅವನಿಗೂ ಸೀರೆ ನೇಯಲು ಬರುವುದಿಲ್ಲ. ಫೆಂಡರ್ 1950ರಲ್ಲಿ ಹಲಗೆಯಂಥ ಗಟ್ಟಿ ಕಟ್ಟಿಗೆಯ ಎಲೆಕ್ಟ್ರಿಕ್ ಗಿಟಾರನ್ನು ಮಾರುಕಟ್ಟೆಗೆ ತಂದ, ಅದಕ್ಕೆ ಎರಡು ಗುಂಡಿ. 1954ರ ಸ್ಟ್ರಾಟೊಕ್ಯಾಸ್ಟರ್‌ನಲ್ಲಿ ಡಬ್ಬಿಯ ಮೇಲಿನ ಮೂಲೆಯನ್ನು ಎತ್ತಿನ ಕೊಂಬಿನ ಹಾಗೆ ಮುಂದಕ್ಕೆ ಚಾಚಿ ಅದರ ತುದಿಗೆ ಗುಂಡಿ ಕೂಡಿಸಿದ. ಆ ಕೊಂಬನ್ನು ಅಂದಕ್ಕೆ ಮಾಡಿದ್ದು ಎಂದೇ ನಾನು ತಿಳಿದಿದ್ದೆ. ಅದು ತೂಕದ ಲೆಕ್ಕ. ಕೊಂಬು ಮುಂದೆ ಬಂದಷ್ಟೂ ಹಿಡಿಯುವ ಬಿಂದು ಕತ್ತಿನ ಕಡೆ ಸರಿಯುತ್ತದೆ, ಕತ್ತು ಕೆಳಗೆ ಬೀಳುವುದಿಲ್ಲ. 1961ರಲ್ಲಿ ಗಿಬ್ಸನ್ ಕಂಪನಿ ತಂದ ತೆಳು ಡಬ್ಬಿಯ ಗಿಟಾರಿಗೆ ಗುಂಡಿಯನ್ನು ಕತ್ತಿನ ಬುಡದಲ್ಲಿ ಇಟ್ಟರು. ಅದು ಚಂದದ ಗಿಟಾರೇ, ಆದರೆ ಕೈ ಬಿಟ್ಟರೆ ತಲೆ ನೆಲ ನೋಡುತ್ತದೆ ಎಂದು ಅದನ್ನು ನುಡಿಸುವವರು ಇವತ್ತಿಗೂ ಹೇಳುತ್ತಾರೆ.

ಅಮೆರಿಕದವರು ನೂರು ವರ್ಷ ತಿಣುಕಿ ಕಂಡುಕೊಂಡ ಈ ಲೆಕ್ಕ ನಮ್ಮ ಭಾಗದಲ್ಲಿ ಯಾರಿಗೂ ಹೊಸದಲ್ಲ. ನಮ್ಮ ಊರುಗಳ ವಾದ್ಯಗಳು ಹೆಚ್ಚಿನವು ನಡೆಯುವ ವಾದ್ಯಗಳು. ಪಲ್ಲಕ್ಕಿ ಮುಂದೆ, ತೇರಿನ ಮುಂದೆ, ಮದುಮಗನ ಮುಂದೆ, ಅಲಾವಿ ದೇವರ ಮುಂದೆ, ಹೆಣದ ಮುಂದೆ. ಅವು ಹುಟ್ಟುವಾಗಲೇ ಪಟ್ಟಾ ಹಾಕಿಕೊಂಡು ಹುಟ್ಟಿವೆ.

ಕರಡಿ ಮಜಲನ್ನೇ ತೆಗೆದುಕೊಳ್ಳಿ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳ ಜಾತ್ರೆಗಳಲ್ಲಿ ಕರಡಿ, ಸನಾದಿ, ತಾಳ ಇಲ್ಲದೆ ದೇವರು ಗುಡಿ ಬಿಟ್ಟು ಹೊರಗೆ ಬರುವುದಿಲ್ಲ. ಕರಡಿ ಎಂದರೆ ಪ್ರಾಣಿ ಅಲ್ಲ, ಎರಡು ಮುಖದ ಚರ್ಮವಾದ್ಯ. ದೇವಗಿರಿಯ ಸೇವುಣ ಅರಸರ ಆಶ್ರಯದಲ್ಲಿ 13ನೇ ಶತಮಾನದಲ್ಲಿ ಶಾರ್ಙ್ಗದೇವ ಬರೆದ ‘ಸಂಗೀತರತ್ನಾಕರ’ದಲ್ಲಿ ‘ಕರಟಾ’ ಎಂಬ ವಾದ್ಯದ ಹೆಸರಿದೆ, ಹಳಗನ್ನಡದವರು ‘ಕರಡೆ’ ಎನ್ನುತ್ತಿದ್ದರು. ಸೇವುಣರ ಆಳ್ವಿಕೆ ನಮ್ಮ ಕೃಷ್ಣೆಯ ದಂಡೆಯವರೆಗೂ ಚಾಚಿತ್ತು ಎನ್ನುವುದನ್ನು ನೆನೆದರೆ ಈ ಹೆಸರು ಎಷ್ಟು ಹಳೆಯದು, ಎಷ್ಟು ನಮ್ಮದು ಎಂಬುದು ತಿಳಿಯುತ್ತದೆ. ಕರಡಿಯ ಎರಡು ಮುಖಗಳ ಚರ್ಮವನ್ನು ಬಿಗಿದ ಹಗ್ಗವೇ ಪಟ್ಟಾ ಕಟ್ಟುವ ಜಾಗವೂ ಹೌದು. ಕಟ್ಟಿಗೆಗೆ ಒಂದು ಮೊಳೆ ಹೊಡೆಯಬೇಕಿಲ್ಲ. ಕೊರಳಿಗೆ ಹಾಕಿ ಹೊಟ್ಟೆಯ ಮುಂದೆ ಅಡ್ಡ ಬಿಟ್ಟರೆ ಎರಡೂ ತುದಿ ಸಮ ತೂಗುತ್ತವೆ.

ಸಂಬಾಳದ್ದು ಇನ್ನೊಂದು ದಾರಿ. ಗೊಂದಲಿಗರು ಅಂಬಾಭವಾನಿಯ ಗೊಂದಲ ಹಾಕುವಾಗ ನುಡಿಸುವ ಜೋಡಿ ವಾದ್ಯ ಅದು. ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರ ಸಂಸ್ಥಾನ. ಎರಡೂ 1948ರ ಮಾರ್ಚ್‌ನಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವತನಕ ಮರಾಠಿ ದರ್ಬಾರುಗಳ ಕೆಳಗಿದ್ದ ಊರುಗಳಿವು. ಇಲ್ಲಿ ಗೊಂದಲ, ಕೀರ್ತನ, ಅಭಂಗ ಎಲ್ಲವೂ ಕನ್ನಡದ ಜೊತೆಗೇ ಬೆರೆತವು. ಸಂಬಾಳವನ್ನು ಕೊರಳಿಗೆ ಹಾಕುವುದಿಲ್ಲ, ನಡುವಿಗೆ ಬಟ್ಟೆಯಿಂದ ಬಿಗಿಯುತ್ತಾರೆ. ಎರಡೂ ಕೈಗೆ ಕೋಲು, ಹೆಗಲು ಖಾಲಿ, ಕುಣಿಯಲು ಮೈ ಖಾಲಿ. ಡೊಳ್ಳಿನವರಿಗೆ ಎರಡೂ ಬೇಕು. ಅಷ್ಟು ದೊಡ್ಡ ವಾದ್ಯ ಕೊರಳಿಗೆ ಹಾಕಿ ಬಿಟ್ಟರೆ ಕುಣಿತದಲ್ಲಿ ಮೊಣಕಾಲಿಗೆ ಬಡಿಯುತ್ತದೆ, ಅದಕ್ಕೆ ನಡುವಿಗೂ ಒಂದು ಸುತ್ತು.

ಇನ್ನೊಂದು ಸಂಗತಿ ನನಗೆ ಓದುವಾಗ ಗೊತ್ತಾಗಿ ಬೆರಗಾಯಿತು. ಕೇರಳದ ಎಡಕ್ಕ, ಕುಮಾವೂಂ ಬೆಟ್ಟದ ಹುಡುಕ, ಇವುಗಳಲ್ಲಿ ಹೊರುವ ವ್ಯವಸ್ಥೆಯೂ ನಾದದ ವ್ಯವಸ್ಥೆಯೂ ಹೆಣೆದುಕೊಂಡಿವೆ. ಹುಡುಕದ ಹೆಗಲ ಪಟ್ಟಾ ನಡುವಿನ ಹಗ್ಗಗಳಿಗೆ ಸಿಕ್ಕಿಸಿರುತ್ತದೆ. ವಾದ್ಯವನ್ನು ಕೆಳಗೆ ಒತ್ತಿದರೆ ಪಟ್ಟಾ ಎಳೆದು ಚರ್ಮ ಬಿಗಿಯಾಗಿ ಸ್ವರ ಏರುತ್ತದೆ. ಅಂದರೆ ಅಲ್ಲಿ ಪಟ್ಟಾ ಕೂಡ ವಾದ್ಯವೇ. ಬೇಲೂರು-ಹಳೇಬೀಡಿನ ಶಿಲ್ಪಗಳಲ್ಲಿ ಮದ್ದಳೆಯವರು ಹೆಗಲಿಂದ ವಾದ್ಯ ತೂಗಿಸಿಕೊಂಡು ನಿಂತಿದ್ದಾರೆ, ಕಲ್ಲುಕುಟಿಗ ಪಟ್ಟಾದ ಮಡಿಕೆಯನ್ನೂ ಬಿಡದೆ ಕೆತ್ತಿದ್ದಾನೆ. ನಮ್ಮ ಕಾಲದ ಜಾನಪದ ಪುಸ್ತಕಗಳು ಅಷ್ಟು ಗಮನ ಕೊಟ್ಟಿಲ್ಲ ಎಂಬುದು ನನ್ನ ದೂರು. ಮುಖದ ಅಗಲ ಇಷ್ಟು, ಚರ್ಮ ಇಂಥ ಪ್ರಾಣಿಯದು, ಕಟ್ಟಿಗೆ ಇಂಥ ಮರದ್ದು ಎಂದು ಬರೆಯುತ್ತಾರೆ. ಹೇಗೆ ಹೊರುತ್ತಾರೆ, ಎಲ್ಲಿ ಉಜ್ಜುತ್ತದೆ, ಪಟ್ಟಾ ಯಾರು ಮಾಡಿಕೊಡುತ್ತಾರೆ, ಇವು ಬರುವುದಿಲ್ಲ.

ಎಲ್ಲಿ ಉಜ್ಜುತ್ತದೆ ಎಂದೆನಲ್ಲ. ಪದವಿಯಲ್ಲಿದ್ದಾಗ ಹೋಳಿಯ ಬಗ್ಗೆ ವರದಿ ಮಾಡಲು ಬಾಗಲಕೋಟೆಗೆ ಹೋಗಿದ್ದೆ. ಅಲ್ಲಿನ ಹೋಳಿಗೆ ಹಲಗಿ ಸಪ್ಪಳವೇ ಜೀವ. ಬಣ್ಣ ಬಳಿದುಕೊಂಡು ಹಲಗಿ ಬಡಿಯುತ್ತಿದ್ದ ಹಿರಿಯರೊಬ್ಬರು ಅಂಗಿ ಸರಿಸಿ ಎಡ ಹೆಗಲು ತೋರಿಸಿದರು. ಪಟ್ಟಾ ಕೂರುವ ಜಾಗದಲ್ಲಿ ಎರಡು ಬೆರಳಗಲ ಕಪ್ಪು ಗಟ್ಟಿ ಚರ್ಮ. "ಇದು ನಾ ಹಾಕ್ಕೊಂಡದ್ದಲ್ಲ ತಮ್ಮಾ, ನಮ್ಮಪ್ಪ ಹಾಕಿದ್ದು, ಅವನಿಗೆ ಅವರಪ್ಪ" ಎಂದರು. ಹಬ್ಬದಲ್ಲಿ ಈಗ ಎಲ್ಲ ಜಾತಿಯ ಹುಡುಗರೂ ಹಲಗಿ ಹಿಡಿಯುತ್ತಾರೆ. ಆದರೆ ಹೆಣದ ಮುಂದೆ, ಡಂಗುರಕ್ಕೆ, ದೇವರ ಮುಂದೆ ಗುಡಿ ಹೊರಗೆ ನಿಂತು ಬಡಿಯುವ ಕೆಲಸ ಒಂದು ಕೇರಿಯ ಹೆಗಲಿಗೇ ಕಟ್ಟಿದ್ದಾಗಿತ್ತು. 1970ರ ದಶಕದಲ್ಲಿ ದಲಿತ ಚಳವಳಿ ಹಬ್ಬಿದ ಮೇಲೆ ಕರ್ನಾಟಕದ ಎಷ್ಟೋ ಊರುಗಳಲ್ಲಿ ಜನ ಈ ಬಿಟ್ಟಿ ಚಾಕರಿಯನ್ನು ನಿಲ್ಲಿಸಿದರು. ಅದೇ ಚಳವಳಿಯ ಹಾಡುಗಾರರು ಅದೇ ವಾದ್ಯವನ್ನು ತಮ್ಮ ಸಭೆಗಳಲ್ಲಿ ತಾವಾಗಿಯೇ ಹೆಗಲಿಗೇರಿಸಿದರು. ಪಟ್ಟಾ ಒಂದೇ, ಹಾಕಿಸಿಕೊಳ್ಳುವುದು ಬೇರೆ, ಹಾಕಿಕೊಳ್ಳುವುದು ಬೇರೆ. ಗಿಟಾರಿನ ಪಟ್ಟಾಕ್ಕೆ ನಮ್ಮೂರಲ್ಲಿ ಆ ಭಾರ ಇಲ್ಲ, ನಮ್ಮ ಅಳಿಯನಿಗೆ ಅದನ್ನು ಹಾಕಿಕೋ ಎಂದು ಯಾರೂ ಹೇಳಿಲ್ಲ. ಬದಲಿಗೆ ಬಿಡು ಎಂದು ಹೇಳುವವರೇ ಹೆಚ್ಚು.

ಗಿಟಾರಿನ ಹಾಗೆಯೇ ಕೂತು ನುಡಿಸಲು ಹುಟ್ಟಿ ಆಮೇಲೆ ನಿಲ್ಲಲು ಕಲಿತ ಒಂದು ವಾದ್ಯ ನಮ್ಮಲ್ಲಿದೆ. ಹಾರ್ಮೋನಿಯಂ, ನಮ್ಮ ಮಾತಿನಲ್ಲಿ ಪೇಟಿ. ಪ್ಯಾರಿಸ್ಸಿನ ಅಲೆಕ್ಸಾಂಡ್ರ್ ದೆಬೇನ್ 1840ರಲ್ಲಿ ಪೇಟೆಂಟ್ ಪಡೆದದ್ದು ಮೇಜಿನಷ್ಟು ದೊಡ್ಡದು, ಕಾಲಿನಿಂದ ಗಾಳಿ ತುಂಬಬೇಕು. ಅಂಥ ಕಾಲುಪೇಟಿ ನಾಟಕ ಕಂಪನಿಗಳಲ್ಲಿ ಬಹಳ ಕಾಲ ಇತ್ತು, ಅದರ ಮುಂದೆ ಕೂತ ಪೇಟಿ ಮಾಸ್ತರರ ಗತ್ತೇ ಬೇರೆ. 19ನೇ ಶತಮಾನದ ಕೊನೆಯ ದಶಕಗಳಲ್ಲಿ ಕಲ್ಕತ್ತೆಯ ದ್ವಾರಕಾನಾಥ ಘೋಷ್ ಕಾಲುಗಳನ್ನು ತೆಗೆದು ಹಿಂದೆ ಕೈತಿದಿ ಇಟ್ಟ ಸಣ್ಣ ಪೆಟ್ಟಿಗೆಯನ್ನು ಪ್ರಚಾರಕ್ಕೆ ತಂದರು. ನೆಲದ ಮೇಲೆ ಕೂತು ಹಾಡುವ ದೇಶಕ್ಕೆ ಅದು ಹೇಳಿ ಮಾಡಿಸಿದಂತಿತ್ತು. ಆಕಾಶವಾಣಿ 1940ರಲ್ಲಿ ಪೇಟಿಯನ್ನು ತನ್ನ ಸ್ಟುಡಿಯೋದಿಂದ ಹೊರಗಿಟ್ಟಿತು, 1971ರವರೆಗೂ ಒಳಗೆ ಬಿಡಲಿಲ್ಲ. ಆ ಮೂವತ್ತು ವರ್ಷ ನಮ್ಮ ಶ್ರೀಕೃಷ್ಣ ಪಾರಿಜಾತದವರು, ಸಣ್ಣಾಟದವರು, ಭಜನೆಯವರು ಆಕಾಶವಾಣಿಯನ್ನು ಕೇಳಿ ಪೇಟಿ ಬಿಡಲಿಲ್ಲ ಎನ್ನುವುದು ಸಮಾಧಾನದ ವಿಷಯ. ಕುಲಗೋಡ ತಮ್ಮಣ್ಣ ಆಟದ ರೂಪ ಕೊಟ್ಟ ಪಾರಿಜಾತವನ್ನು ಇಂದು ಪೇಟಿ ಇಲ್ಲದೆ ಊಹಿಸಿಕೊಳ್ಳಿ ನೋಡೋಣ!

ಭಜನೆ ಊರೊಳಗೆ ನಡೆಯತೊಡಗಿದಾಗ ಪೇಟಿಯೂ ಎದ್ದು ನಿಲ್ಲಬೇಕಾಯಿತು. ಎಂಟು-ಹತ್ತು ಕಿಲೋ ತೂಕದ ಪೆಟ್ಟಿಗೆ. ಒಂದು ಕೈ ತಿದಿಗೆ, ಒಂದು ಕೈ ಮನೆಗಳಿಗೆ, ಹಿಡಿದುಕೊಳ್ಳಲು ಮೂರನೇ ಕೈ ಇಲ್ಲ. ನಾನು ನೋಡಿದ ಭಜನಾ ಮಂಡಳಿಯವರು ಪೆಟ್ಟಿಗೆಗೆ ಕೊಂಡಿ ಹೊಡೆಯದೆ ಮಂಚಕ್ಕೆ ಹೆಣೆಯುವ ನವಾರ ಪಟ್ಟಿಯನ್ನು ಅಡಿಯಿಂದ ಹಾಯಿಸಿ ಎರಡೂ ಬದಿಯಿಂದ ಮೇಲೆ ತಂದು ಕೊರಳಿಗೆ ಹಾಕಿಕೊಂಡಿದ್ದರು. ಏಕೆ ಎಂದು ಕೇಳಿದ್ದಕ್ಕೆ, ಪೇಟಿಯ ಹಲಗೆ ತೆಳು, ಸ್ಕ್ರೂ ಕಿತ್ತುಬಂದರೆ ಪೇಟಿಯೂ ಹೋಯಿತು, ಗಾಳಿಯೂ ಹೋಯಿತು ಎಂದರು. ತೂಕವನ್ನು ಮೊಳೆಯ ಮೇಲೆ ಬಿಡದೆ ಇಡೀ ಪೆಟ್ಟಿಗೆಯ ಅಡಿಗೆ ಹಂಚುವುದು. ಗಿಟಾರಿಗೂ ಇಂಥ ಪಟ್ಟಾ ಉಂಟು. ಕೊರಳಿಂದ ಇಳಿದು ಡಬ್ಬಿಯ ಹಿಂದೆ, ಅಡಿಯಿಂದ ಹಾಯ್ದು ಮುಂದಿನ ದೊಡ್ಡ ತೂತಿನ ಅಂಚಿಗೆ ಕೊಕ್ಕೆ ಸಿಕ್ಕಿಸುವುದು. ಒಂದೂ ತೂತು ಬೇಡ. ಆದರೆ ಕೈ ಬಿಟ್ಟರೆ ಗಿಟಾರ್ ಮುಂದಕ್ಕೆ ವಾಲಿ ಕವಚಿಕೊಳ್ಳುತ್ತದೆ. ಕೂತವರಿಗೆ ಆಸರೆಯಾಗಿ ಅಡ್ಡಿಯಿಲ್ಲ, ಗಣಪತಿ ಮುಂದೆ ಚಪ್ಪಾಳೆ ಹೊಡೆಸಬೇಕೆನ್ನುವವನಿಗೆ ಆಗುವುದಿಲ್ಲ.

ಅಳಿಯನ ಪ್ರಶ್ನೆಗೆ ತೀರ ಹತ್ತಿರದ ಉತ್ತರ ನನಗೆ ಸಿಕ್ಕಿದ್ದು ಸಪ್ತಾಹದಲ್ಲಿ. ಜಮಖಂಡಿ ಕಡೆಯ ಹಳ್ಳಿಗಳಿಂದ ಆಷಾಢ ಏಕಾದಶಿಗೆ ಪಂಢರಪುರಕ್ಕೆ ದಿಂಡಿ ಹೋಗುತ್ತದೆ. ದಿಂಡಿಯಲ್ಲಿ ಒಬ್ಬರ ಕೊರಳಲ್ಲಿ ವೀಣೆ ಇರುತ್ತದೆ. ವೀಣೆ ಎನ್ನುತ್ತಾರೆ, ನೋಡಲು ತಂಬೂರಿ. ಕೆಳಗೆ ಬುರುಡೆ, ಮೇಲೆ ಉದ್ದ ದಂಡಿ, ತುದಿಗೆ ಬಿರಟೆ. ಪಟ್ಟಾದ ಒಂದು ತುದಿ ಬುರುಡೆಯ ಕಡೆ, ಇನ್ನೊಂದು ತುದಿ ದಂಡಿಯ ಮೇಲ್ಭಾಗಕ್ಕೆ. ಉದ್ದ ಕತ್ತಿನ ತಂತಿವಾದ್ಯಕ್ಕೆ ಎರಡು ಕಡೆ ಪಟ್ಟಾ ಕಟ್ಟಿ ಮೈಲುಗಟ್ಟಲೆ ನಡೆಯುವುದನ್ನು ವಾರಕರಿಗಳು ಗಿಟಾರಿನ ಹೆಸರು ಕೇಳುವ ಮೊದಲೇ ಮಾಡುತ್ತಿದ್ದರು. ಊರಲ್ಲಿ ಏಳು ದಿನದ ಸಪ್ತಾಹ ಕೂಡಿಸಿದಾಗ ಈ ವೀಣೆ ಹಗಲು ರಾತ್ರಿ ನೆಲಕ್ಕೆ ತಾಗಬಾರದು. ಪಹರೆಯ ಹಾಗೆ ಸರದಿ ಇರುತ್ತದೆ. ಒಬ್ಬರ ಸರದಿ ಮುಗಿದಾಗ ಇನ್ನೊಬ್ಬರು ಎದುರಿಗೆ ಬಂದು ಕಾಲಿಗೆ ನಮಸ್ಕರಿಸಿ ಕೊರಳು ಬಾಗಿಸುತ್ತಾರೆ, ಪಟ್ಟಾ ಒಂದು ಕೊರಳಿಂದ ಇನ್ನೊಂದು ಕೊರಳಿಗೆ ದಾಟುತ್ತದೆ, ತಂತಿ ಮೀಟುವುದು ನಿಲ್ಲುವುದಿಲ್ಲ. ರಾತ್ರಿ ಎರಡು ಗಂಟೆಯ ಸರದಿ ಸಾಮಾನ್ಯವಾಗಿ ಊರಿನ ಹುಡುಗರ ಪಾಲಿಗೆ. ನಮ್ಮ ಅಳಿಯನೂ ಒಂದು ವರ್ಷ ನಿಂತಿದ್ದ. ಪಟ್ಟಾ ತಲೆಗೆ ಕಟ್ಟಿದ ವಾದ್ಯ ಹೇಗೆ ತೂಗುತ್ತದೆ ಎಂದು ಅವನ ಹೆಗಲಿಗೆ ಗೊತ್ತು, ಅವನಿಗೆ ಮಾತ್ರ ನೆನಪಿಗೆ ಬಂದಿರಲಿಲ್ಲ.

ಹಾಗಾದರೆ ತಲೆಗೆ ಕಟ್ಟುವುದೇ ಸರಿಯೇ? ಅದನ್ನು ತೀರ್ಮಾನಿಸುವ ಮೊದಲು ಓಣಿಯ ತುದಿಯ ಕರಡಿ ಬಾರಿಸುವ ಅಜ್ಜನನ್ನು ಕರೆದುಕೊಂಡು ಬಂದೆವು. ಅವರು ಗಿಟಾರನ್ನು ಅಡ್ಡ ಹಿಡಿದು ಕತ್ತಿನ ಕೆಳಗೆ ಒಂದೇ ಬೆರಳು ಇಟ್ಟು ಆ ಕಡೆ ಈ ಕಡೆ ಸರಿಸಿದರು. ಕತ್ತು ಡಬ್ಬಿಗೆ ಕೂಡುವ ಜಾಗದಿಂದ ಸ್ವಲ್ಪ ಡಬ್ಬಿಯ ಕಡೆ ಬೆರಳು ಬಂದಾಗ ಗಿಟಾರ್ ತಕ್ಕಡಿಯ ಹಾಗೆ ನಿಂತಿತು. "ತೂಕ ಇಲ್ಲೈತಿ. ಇದರ ಆ ಕಡಿಗೊಂದು, ಈ ಕಡಿಗೊಂದು ಕಟ್ಟು. ಎರಡೂ ಒಂದ ಕಡಿಗಾದ್ರ ವಾಲ್ತೈತಿ" ಎಂದರು. ಸ್ಟ್ರಾಟೊಕ್ಯಾಸ್ಟರಿನ ಕೊಂಬಿನ ಬಗ್ಗೆ ನಾನು ಎರಡು ದಿನ ಓದಿದ್ದು ಇಷ್ಟನ್ನೇ.

ಬುಡದ ಗುಂಡಿ ಆ ಬಿಂದುವಿನ ಒಂದು ಕಡೆ. ತಲೆ ಇನ್ನೊಂದು ಕಡೆ, ಬಹಳ ದೂರ. ಹಾಗಾಗಿ ತಲೆಗೆ ಕಟ್ಟಿದರೆ ಗಿಟಾರ್ ಎಂದೂ ತಲೆ ಬೀಳಿಸುವುದಿಲ್ಲ, ಹೊಸಬರಿಗೆ ಇದು ದೊಡ್ಡ ಅನುಕೂಲ. ಲಾಡಿಯನ್ನು ತಂತಿಗಳ ಕೆಳಗಿಂದ, ತಂತಿ ಕೂರುವ ಎಲುಬಿನ ಪಟ್ಟಿಗೂ ಬಿರಟೆಗಳಿಗೂ ನಡುವಿನ ಜಾಗದಲ್ಲಿ ಹಾಯಿಸಬೇಕು, ತಂತಿಗಳ ಮೇಲಿಂದ ಕಟ್ಟಿದರೆ ಶ್ರುತಿ ಕೆಡುತ್ತದೆ. ತೊಂದರೆ ಎಂದರೆ ಪಟ್ಟಾ ಎಡಗೈ ಓಡಾಡುವ ದಾರಿಗೆ ಅಡ್ಡ ಬರುತ್ತದೆ, ಮೊದಲ ಮನೆಗಳ ಕಾರ್ಡ್ ಹಿಡಿಯುವಾಗ ಹೆಬ್ಬೆರಳಿಗೆ ಲಾಡಿ ತಾಗುತ್ತದೆ. ಜೊತೆಗೆ ತೂಕವೆಲ್ಲ ಗಿಟಾರಿನ ತೆಳು ಭಾಗವನ್ನು ಎಳೆಯುತ್ತದೆ. ಎರಡು ಕಿಲೋ ಆಸುಪಾಸಿನ ಡಬ್ಬಿ ಗಿಟಾರಿಗೆ ಚಿಂತೆಯಿಲ್ಲ, ನಾಲ್ಕು ಕಿಲೋ ತೂಗುವ ಎಲೆಕ್ಟ್ರಿಕ್ ಗಿಟಾರಿಗೆ ನಾನಂತೂ ಹಾಗೆ ಕಟ್ಟಲಾರೆ.

ಕತ್ತಿನ ಬುಡದಲ್ಲಿ ಗುಂಡಿ ಕೂಡಿಸಿದರೆ ಎಡಗೈ ಬಿಡುಗಡೆಯಾಗುತ್ತದೆ, ಪಟ್ಟಾ ಗಿಡ್ಡದಾಗುತ್ತದೆ, ನೋಡಲೂ ಚಂದ. ವರ್ಷಗಟ್ಟಲೆ ನಿಂತೇ ನುಡಿಸುವವರು ಕೊನೆಗೆ ಇದಕ್ಕೇ ಬರುತ್ತಾರೆ. ಆದರೆ ಅಜ್ಜನ ಬೆರಳು ನಿಂತ ಬಿಂದುವಿಗೆ ಈ ಜಾಗ ತೀರ ಹತ್ತಿರ, ಗಿಟಾರ್ ತುಸು ವಾಲುತ್ತದೆ. ಗುಂಡಿಯನ್ನು ಮೈಗೆ ತಾಗುವ ಹಿಂದಿನ ಮುಖಕ್ಕೆ ಹಾಕಿದರೆ ಡಬ್ಬಿಯ ಮುಖ ನೆಲ ನೋಡಲು ಹವಣಿಸುತ್ತದೆ, ನೆಲದ ಕಡೆಯ ಪಕ್ಕಕ್ಕೆ ಹಾಕಿದರೆ ಸ್ವಲ್ಪ ನೆಟ್ಟಗೆ ನಿಲ್ಲುತ್ತದೆ. ಸ್ಕ್ರೂಗಿಂತ ಸಣ್ಣ ತೂತು ಮೊದಲು ಕೊರೆಯಬೇಕು, ಸ್ಕ್ರೂಗೆ ಮೇಣ ಹಚ್ಚಬೇಕು, ಗುಂಡಿಯ ಕೆಳಗೆ ಬಟ್ಟೆಯ ವಾಷರ್ ಇಡಬೇಕು. ಇಷ್ಟೆಲ್ಲ ಜಾಬರ್‌ಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಅವನಿಗೆ ಗೊತ್ತಿಲ್ಲದ ಒಂದು ಸಂಗತಿಯನ್ನು ಜಮಖಂಡಿಯ ಬಡಿಗೇರರೊಬ್ಬರು ಹೇಳಿದರು. ಅಗ್ಗದ ಗಿಟಾರಿನ ಆ ಗಂಟು ಒಂದೇ ಕಟ್ಟಿಗೆಯದಲ್ಲ, ಮೂರ್ನಾಲ್ಕು ತುಂಡು ಅಂಟಿಸಿ ಮಾಡಿದ್ದು. ಸ್ಕ್ರೂ ಸರಿಯಾಗಿ ಅಂಟಿನ ಗೆರೆಗೆ ಇಳಿದರೆ ಬೆಣೆ ಹೊಡೆದಂತೆ ಸೀಳುತ್ತದೆ. ಬೆಳಕಿಗೆ ಹಿಡಿದು ಗೆರೆ ಹುಡುಕಿ, ಗೆರೆ ತಪ್ಪಿಸಿ ಕೊರೆಯಬೇಕು. ಅಳಿಯನ ಗಿಟಾರಿಗೆ ದಪ್ಪ ಬಣ್ಣ ಬಳಿದಿದ್ದರು, ಗೆರೆ ಕಾಣಲಿಲ್ಲ.

ಹೋದ ವರ್ಷ ಬಿದ್ದದ್ದು ಮಾತ್ರ ಕಟ್ಟುವ ಜಾಗದ ತಪ್ಪಿನಿಂದಲ್ಲ. ಆ ಗಿಟಾರ್ ನೋಡಿದಾಗ ಗೊತ್ತಾಯಿತು, ನೈಲಾನ್ ಪಟ್ಟಾದ ತುದಿಯ ರೆಕ್ಸಿನ್ ಹಿಗ್ಗಿ ತೂತು ಹುಣಸೆ ಬೀಜದಷ್ಟು ಅಗಲವಾಗಿತ್ತು. ಗುಂಡಿ ಅದರಲ್ಲಿ ಎಷ್ಟು ಹೊತ್ತಾದರೂ ಜಾರಬಹುದಿತ್ತು. ದೊಡ್ಡ ಊರುಗಳಲ್ಲಿ ಇದಕ್ಕೆ ಲೋಹದ ಬೀಗದಂಥ ಗುಂಡಿ ಸಿಗುತ್ತವೆ. ಕೆಲವು ವಿದೇಶಿ ಗಿಟಾರಿಗರು ಬಿಯರ್ ಬಾಟಲಿ ಮುಚ್ಚಳದ ರಬ್ಬರ್ ಬಳೆಯನ್ನು ಗುಂಡಿಗೆ ತೊಡಿಸಿ ಕೆಲಸ ಮುಗಿಸುತ್ತಾರಂತೆ. ನಾವು ಸೈಕಲ್ ಟ್ಯೂಬ್ ಕತ್ತರಿಸಿದೆವು.

ಪಟ್ಟಾವನ್ನು ಮಾತ್ರ ಹೊಸದಾಗಿ ಮಾಡಿಸಿದೆವು, ಇದರಲ್ಲಿ ನನಗೆ ಸ್ವಲ್ಪ ಹೆಮ್ಮೆ ಇದೆ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಕರ್ನಾಟಕದ ನಾಲ್ಕು ಜಿಲ್ಲೆಗಳೂ ಪಟ್ಟಿಯಲ್ಲಿದ್ದವು: ಬೆಳಗಾವಿ, ಧಾರವಾಡ, ವಿಜಯಪುರ ಮತ್ತು ನಮ್ಮ ಬಾಗಲಕೋಟೆ. ಹೆಸರು ಕೊಲ್ಹಾಪುರದ್ದು, ಕೈ ಎಷ್ಟೋ ಸಲ ಅಥಣಿ, ನಿಪ್ಪಾಣಿ ಕಡೆಯದು. ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡಿದ ಆ ದಪ್ಪ ತೊಗಲು ರೆಕ್ಸಿನ್ನಿನ ಹಾಗೆ ಹಿಗ್ಗುವುದಿಲ್ಲ. ಬಸ್ ಸ್ಟ್ಯಾಂಡ್ ಹತ್ತಿರ ಚಪ್ಪಲಿ ಹೊಲಿಯುವವರಿಗೆ ಗಿಟಾರ್ ಪಟ್ಟಾ ಎಂದರೆ ಏನೆಂದು ಹೇಳಬೇಕಾಯಿತು. "ಹಲಗಿಗೆ ಹಾಕ್ತಾರಲ್ಲ, ಹಂಗ?" ಎಂದು ಕೇಳಿದರು. ಹಂಗೇ ಎಂದೆ. ಹೆಗಲಿಗೆ ಕೂರುವ ನಡುವಿನ ಭಾಗಕ್ಕೆ ಅಕ್ಕನ ಮನೆಯ ಹತ್ತಿ ಬಟ್ಟೆ ನಾಲ್ಕು ಮಡಿಕೆ ಹಾಕಿ ಹೊಲಿದು, ಎರಡೂ ತುದಿಗೆ ತೊಗಲು ಜೋಡಿಸಿ ಕೊಟ್ಟರು. ತೂತನ್ನು ಗುಂಡಿಗಿಂತ ಸಣ್ಣದು ಮಾಡಿ ಒಂದು ಸಣ್ಣ ಸೀಳು ಬಿಟ್ಟರು. ಗುಂಡಿ ತೊಡಿಸುವಾಗ ಅಳಿಯ ಹಲ್ಲು ಕಚ್ಚಿ ಎಳೆಯಬೇಕಾಯಿತು. ಹಾಗೇ ಇರಬೇಕು ಎಂದರು ಅವರು.

ಇನ್ನೊಂದು ತುದಿಗೆ ಶೂ ಲಾಡಿ ಹಾಕಿ ತಲೆಗೆ ಕಟ್ಟಿದೆವು. ಅಳಿಯನಿಗೆ ಪೂರಾ ಮನಸ್ಸಿರಲಿಲ್ಲ, ವೀಡಿಯೊಗಳಲ್ಲಿ ಯಾರೂ ಹೀಗೆ ಕಟ್ಟುವುದಿಲ್ಲ ಎಂದ. ಅಕ್ಕ ಮಗ್ಗದ ಲಾಳಿಗೆ ಕಂಡಿಕೆ ತುಂಬುತ್ತಾ ಕೂತಲ್ಲಿಂದಲೇ, "ಕಂತ ತೀರೂತನಕ ಲಾಡಿ. ಆಮ್ಯಾಲ ನೀ ಎಲ್ಲಿ ಬೇಕಾದಲ್ಲಿ ತೂತ ಕೊರಿ" ಎಂದಳು. ಅಷ್ಟರಲ್ಲಿ ಕರೆಂಟ್ ಬಂತು. ಜಾಬರ್ ಡ್ರಿಲ್ಲಿನ ವೈರ್ ಸುತ್ತಿ ಚೀಲಕ್ಕೆ ಹಾಕಿಕೊಂಡು ಮಗ್ಗದ ಕಡೆ ಹೋದ. ಅಳಿಯ ಗಿಟಾರ್ ಕೊರಳಿಗೆ ಹಾಕಿಕೊಂಡು ಎರಡೂ ಕೈ ಬಿಟ್ಟು ಒಂದು ಸುತ್ತು ತಿರುಗಿ ನೋಡಿದ. ಏನೋ ಹೇಳಿದ, ಮಗ್ಗದ ಸಪ್ಪಳದಲ್ಲಿ ಕೇಳಿಸಲಿಲ್ಲ.